ಸುರಂಗದ ಆಚೆ ಕೆಲಸ: ಟಿಎನ್ ಸ್ಟೇಟಸ್ ಎಷ್ಟು ಸುಲಭ, ಎಷ್ಟು ಭದ್ರ?

ಕೆನಡಾದ ವಿಂಡ್ಸರ್‌ಗೂ ಅಮೆರಿಕದ ಡೆಟ್ರಾಯಿಟ್‌ಗೂ ನಡುವೆ ಇರುವುದು ಒಂದು ನದಿ ಅಷ್ಟೇ. ನದಿಯ ಕೆಳಗೆ ಸುರಂಗ, ಮೇಲೆ ಅಂಬಾಸಿಡರ್ ಸೇತುವೆ. ವಿಂಡ್ಸರ್‌ನ ಎಷ್ಟೋ ನರ್ಸ್‌ಗಳು ದಿನಾ ಇವುಗಳನ್ನು ದಾಟಿ ಡೆಟ್ರಾಯಿಟ್ ಆಸ್ಪತ್ರೆಗಳಿಗೆ ಡ್ಯೂಟಿಗೆ ಹೋಗುತ್ತಾರೆ. ಶಿಫ್ಟ್ ಮುಗಿದ ಮೇಲೆ ವಾಪಸ್ ಬಂದು ಮನೆಯಲ್ಲಿ ಊಟ ಮಾಡುತ್ತಾರೆ. ಸಂಬಳ ಅಮೆರಿಕದ ಡಾಲರಿನಲ್ಲಿ, ಮನೆ ಸಾಲದ ಕಂತು ಕೆನಡಾದ ಡಾಲರಿನಲ್ಲಿ. (ತಮಾಷೆ ಏನೆಂದರೆ, ಇಲ್ಲಿ ಕೆನಡಾದಿಂದ ಅಮೆರಿಕಕ್ಕೆ ಹೋಗಬೇಕಾದರೆ ಉತ್ತರಕ್ಕೆ ಹೋಗಬೇಕು. ನಕ್ಷೆ ತೆಗೆದು ನೋಡಿ.)

ಪರದೇಶದಲ್ಲಿ ಹೀಗೆ ದುಡಿಯಲು ಇವರಿಗೆ ಸಿಗುವ ಅನುಮತಿಯ ಹೆಸರು ಟಿಎನ್. ಅಮೆರಿಕ, ಕೆನಡಾ, ಮೆಕ್ಸಿಕೊ ನಡುವಿನ ವ್ಯಾಪಾರ ಒಪ್ಪಂದದಿಂದ ಹುಟ್ಟಿದ ತಾತ್ಕಾಲಿಕ ಕೆಲಸದ ಸ್ಟೇಟಸ್ ಇದು. ಲಾಟರಿ ಇಲ್ಲ, ವರ್ಷಕ್ಕೆ ಇಷ್ಟೇ ಜನ ಅನ್ನುವ ಮಿತಿ ಇಲ್ಲ. ಕೆನಡಾದ ಪ್ರಜೆಯಾದರೆ ರಾಯಭಾರ ಕಚೇರಿಯ ಮೆಟ್ಟಿಲು ಹತ್ತಬೇಕಾಗಿಲ್ಲ. ಕಾಗದಪತ್ರ ಹಿಡಿದು ಗಡಿಗೆ ಹೋಗುವುದು, 50 ಡಾಲರ್ ಜೊತೆಗೆ ಐ-94 ಎಂಬ ಪ್ರವೇಶ ದಾಖಲೆಯ ಶುಲ್ಕ ಕಟ್ಟುವುದು, ಅಧಿಕಾರಿ ಒಪ್ಪಿದರೆ ಅದೇ ದಿನ ಒಳಗೆ. ಒಂದು ಸಲಕ್ಕೆ ಗರಿಷ್ಠ 3 ವರ್ಷ. ನವೀಕರಣ ಎಷ್ಟು ಸಲ ಬೇಕಾದರೂ ಕೇಳಬಹುದು.

ಅಮೆರಿಕದ ಇನ್ನೊಂದು ಕೆಲಸದ ವೀಸಾ ಎಚ್-1ಬಿ ಜೊತೆ ಹೋಲಿಸಿದರೆ ಇದು ಎಂಥ ವರ ಅಂತ ಗೊತ್ತಾಗುತ್ತದೆ. ಅಲ್ಲಿ ವರ್ಷಕ್ಕೆ 85,000 ಸೀಟು, ಅದಕ್ಕೆ ಲಾಟರಿ, ಸಾಮಾನ್ಯವಾಗಿ 6 ವರ್ಷದ ಗಡುವು. 2025ರ ಸೆಪ್ಟೆಂಬರ್‌ನಲ್ಲಿ ಬಂದ ಘೋಷಣೆ ಹೊರದೇಶದಿಂದ ಕರೆಸಿಕೊಳ್ಳುವ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಕಟ್ಟಬೇಕು ಎಂದಿತು. ಒಂದು ಕಡೆ ಒಂದು ಲಕ್ಷ, ಇನ್ನೊಂದು ಕಡೆ ಐವತ್ತು! ಕೆನಡಾದಲ್ಲಿ ನೆಲೆಸಿದ ಭಾರತೀಯರ ಮಾತುಕತೆಯಲ್ಲಿ ಟಿಎನ್ ಹೆಸರು ಈಗ ಜಾಸ್ತಿ ಕೇಳಿಬರುವುದಕ್ಕೆ ಕಾರಣ ಬೇರೆ ಹುಡುಕಬೇಕಾಗಿಲ್ಲ.

ಆದರೆ "ತುಂಬಾ ಸುಲಭ ಕಣ್ರೀ, ಬಾರ್ಡರ್‌ಗೆ ಹೋಗಿ ಬಂದರೆ ಆಯ್ತು" ಅನ್ನುವ ಮಾತು ಅರ್ಧ ಸತ್ಯ. ಇಲ್ಲಿ ತೀರ್ಮಾನ ತೆಗೆದುಕೊಳ್ಳುವುದು ಕೌಂಟರ್ ಹಿಂದೆ ನಿಂತಿರುವ ಒಬ್ಬ ಅಧಿಕಾರಿ, ನಿಮ್ಮ ಕೈಯಲ್ಲಿರುವ ಹತ್ತಿಪ್ಪತ್ತು ಹಾಳೆ ನೋಡಿ. ಸುಲಭ ಆಗಿರುವುದು ಅದಕ್ಕೇ. ಅಲುಗಾಡುವುದೂ ಅದಕ್ಕೇ. ಇವೆರಡನ್ನೂ ಒಟ್ಟಿಗೆ ನೋಡದೆ ಮನೆ ಖಾಲಿ ಮಾಡಿಕೊಂಡು ಹೊರಟವರು ಪೇಚಿಗೆ ಸಿಕ್ಕಿದ್ದನ್ನು ಕಂಡೇ ಇದನ್ನು ಬರೆಯಲು ಕೂತೆ.

ಜೇನು ವಿಜ್ಞಾನಿ ಇದ್ದಾನೆ, ಡೇಟಾ ಸೈಂಟಿಸ್ಟ್ ಇಲ್ಲ

ಟಿಎನ್‌ನ ಹೃದಯ ಒಂದು ಪಟ್ಟಿ. ಅರವತ್ತಕ್ಕೂ ಹೆಚ್ಚು ವೃತ್ತಿಗಳ ಪಟ್ಟಿ. ನಿಮ್ಮ ಕೆಲಸ ಅದರಲ್ಲಿದ್ದರೆ ಮಾತು ಮುಂದುವರಿಯುತ್ತದೆ, ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು. ನೀವೆಷ್ಟು ಬುದ್ಧಿವಂತರು, ಕಂಪನಿ ಎಷ್ಟು ದೊಡ್ಡದು, ಸಂಬಳ ಎಷ್ಟು ಅನ್ನುವುದೆಲ್ಲ ಆಮೇಲಿನ ಮಾತು.

ಈ ಪಟ್ಟಿಯ ವಯಸ್ಸು ಗೊತ್ತಿದ್ದರೆ ಅದರ ಸ್ವಭಾವವೂ ಅರ್ಥವಾಗುತ್ತದೆ. ಬೇರು ಇರುವುದು 1989ರಲ್ಲಿ ಜಾರಿಗೆ ಬಂದ ಕೆನಡಾ-ಅಮೆರಿಕ ಒಪ್ಪಂದದಲ್ಲಿ. ಆಗ ಈ ಸ್ಟೇಟಸ್‌ಗೆ ಟಿಸಿ ಅಂತ ಹೆಸರು. 1994ರ ಜನವರಿ 1ರಂದು ಮೆಕ್ಸಿಕೊ ಕೂಡ ಸೇರಿ ನಾಫ್ಟಾ ಜಾರಿಯಾದಾಗ ಅದು ಟಿಎನ್ ಆಯಿತು. 2020ರ ಜುಲೈ 1ರಂದು ನಾಫ್ಟಾ ಹೋಗಿ ಹೊಸ ಒಪ್ಪಂದ ಬಂತು. ಅಮೆರಿಕದವರು ಅದನ್ನು ಯುಎಸ್‌ಎಂಸಿಎ ಅನ್ನುತ್ತಾರೆ, ಕೆನಡಾದವರು ಕುಸ್ಮಾ ಅನ್ನುತ್ತಾರೆ. ಒಪ್ಪಂದದ ಹೆಸರು ಬದಲಾಯಿತು, ಕಾರಿನ ಬಿಡಿಭಾಗದಿಂದ ಹಾಲಿನ ತನಕ ನಿಯಮಗಳು ಬದಲಾದವು. ವೃತ್ತಿಗಳ ಪಟ್ಟಿಯನ್ನು ಮಾತ್ರ ಹಾಗೇ ಎತ್ತಿ ಆಚೆಯಿಂದ ಈಚೆಗೆ ಇಟ್ಟರು. ವಲಸೆಯ ಗಂಟನ್ನು ಬಿಚ್ಚುವ ಧೈರ್ಯ ಯಾರಿಗೂ ಇರಲಿಲ್ಲ ಅಂತ ನನ್ನ ಅನಿಸಿಕೆ.

ಹಾಗಾಗಿ ಈ ಪಟ್ಟಿಯಲ್ಲಿ ಜೇನು ಸಾಕಣೆಯ ವಿಜ್ಞಾನಿ ಇದ್ದಾನೆ. ಕೋಳಿ ವಿಜ್ಞಾನಿ, ಮಣ್ಣಿನ ವಿಜ್ಞಾನಿ, ಹೈನು ವಿಜ್ಞಾನಿ ಇದ್ದಾರೆ. ಲೈಬ್ರರಿಯನ್ ಇದ್ದಾರೆ, ಹೋಟೆಲ್ ಮ್ಯಾನೇಜರ್ ಇದ್ದಾರೆ. ಡೇಟಾ ಸೈಂಟಿಸ್ಟ್ ಇಲ್ಲ. ಪ್ರಾಡಕ್ಟ್ ಮ್ಯಾನೇಜರ್ ಇಲ್ಲ. ಸಾಫ್ಟ್‌ವೇರ್ ಡೆವಲಪರ್ ಅನ್ನುವ ಪದವೇ ಇಲ್ಲ.

ಹಾಗಾದರೆ ಕೆನಡಾದಿಂದ ಅಷ್ಟೊಂದು ಸಾಫ್ಟ್‌ವೇರ್ ಜನ ಹೇಗೆ ಹೋಗುತ್ತಾರೆ? ಎರಡು ಬಾಗಿಲುಗಳಿಂದ. ಒಂದು "ಎಂಜಿನಿಯರ್", ಇನ್ನೊಂದು "ಕಂಪ್ಯೂಟರ್ ಸಿಸ್ಟಮ್ಸ್ ಅನಾಲಿಸ್ಟ್". ಎಂಜಿನಿಯರ್ ಬಾಗಿಲಿಗೆ ಪದವಿ ಅಥವಾ ಅಲ್ಲಿನ ಪ್ರಾಂತ್ಯವೋ ರಾಜ್ಯವೋ ಕೊಟ್ಟ ಎಂಜಿನಿಯರ್ ಲೈಸೆನ್ಸ್ ಬೇಕು. ಬಿ.ಇ. ಮಾಡಿದವರು ಇಲ್ಲಿ ಸಲೀಸಾಗಿ ನಿಲ್ಲಬಹುದು. ಕಾಮರ್ಸ್ ಓದಿ ಕೋಡಿಂಗ್ ಕಲಿತು ಸೀನಿಯರ್ ಎಂಜಿನಿಯರ್ ಅನ್ನಿಸಿಕೊಂಡವರಿಗೆ ಕಷ್ಟ, ಹುದ್ದೆಯ ಹೆಸರಲ್ಲಿ ಎಂಜಿನಿಯರ್ ಅಂತ ಇದ್ದ ಮಾತ್ರಕ್ಕೆ ಆಗುವುದಿಲ್ಲ. ಅನಾಲಿಸ್ಟ್ ಬಾಗಿಲು ಸ್ವಲ್ಪ ಅಗಲ. ಅಲ್ಲೂ ಒಂದು ಮುಳ್ಳಿದೆ: ಪ್ರೋಗ್ರಾಮರ್ ಅದರಲ್ಲಿ ಬರುವುದಿಲ್ಲ. ಅನಾಲಿಸ್ಟ್ ಆದವರು ತಮ್ಮ ಕೆಲಸದ ಜೊತೆಗೆ ಅಷ್ಟಿಷ್ಟು ಕೋಡ್ ಬರೆದರೆ ಪರವಾಗಿಲ್ಲ. ದಿನವಿಡೀ ಬರೀ ಕೋಡ್ ಬರೆಯುವವರಿಗೆ ಈ ಬಾಗಿಲು ಮುಚ್ಚಿದೆ.

2025ರ ಜೂನ್‌ನಲ್ಲಿ ಅಮೆರಿಕದ ವಲಸೆ ಇಲಾಖೆ ತನ್ನ ನೀತಿ ಕೈಪಿಡಿಯಲ್ಲಿ ಟಿಎನ್ ಭಾಗವನ್ನು ತಿದ್ದಿತು. ಕೆಲವು ವೃತ್ತಿಗಳ ಸುತ್ತಲಿನ ಗೆರೆಯನ್ನು ಇನ್ನಷ್ಟು ಸ್ಪಷ್ಟವಾಗಿ, ಇನ್ನಷ್ಟು ಬಿಗಿಯಾಗಿ ಎಳೆಯಿತು. ಹಿಂದೆಯೂ ಹೀಗಾಗಿದೆ. 2017ರಲ್ಲಿ "ಎಕನಾಮಿಸ್ಟ್" ಅನ್ನುವ ಬಾಗಿಲಿನಿಂದ ಫೈನಾನ್ಶಿಯಲ್ ಅನಾಲಿಸ್ಟ್‌ಗಳು, ಮಾರುಕಟ್ಟೆ ಸಂಶೋಧಕರು ಒಳಗೆ ಬರುವುದನ್ನು ಇಲಾಖೆ ತಡೆಯಿತು. ಪಟ್ಟಿಯಲ್ಲಿ ಒಂದು ಅಕ್ಷರವನ್ನೂ ಮುಟ್ಟಲಿಲ್ಲ. ಪದದ ಅರ್ಥವನ್ನು ಚಿಕ್ಕದು ಮಾಡಿದರು, ಅಷ್ಟೇ. ಟಿಎನ್‌ನಲ್ಲಿ ಬದಲಾವಣೆ ಹೆಚ್ಚಾಗಿ ಬರುವುದು ಹೀಗೇ, ಸದ್ದಿಲ್ಲದೆ.

"ಮ್ಯಾನೇಜ್‌ಮೆಂಟ್ ಕನ್ಸಲ್ಟೆಂಟ್" ಅನ್ನುವ ಇನ್ನೊಂದು ಬಾಗಿಲೂ ಇದೆ. ಇಲ್ಲಿ ಪದವಿ ಇಲ್ಲದಿದ್ದರೂ 5 ವರ್ಷದ ಅನುಭವ ಸಾಕಾಗಬಹುದು. ಅದಕ್ಕೇ ಬೇರೆಲ್ಲೂ ಹೊಂದದವರು ಇಲ್ಲಿ ಗುಂಪುಗೂಡುತ್ತಾರೆ. ಅಧಿಕಾರಿಗಳಿಗೂ ಅದು ಚೆನ್ನಾಗಿ ಗೊತ್ತು. ಹೊರಗಿನಿಂದ ಬಂದು ಸಲಹೆ ಕೊಟ್ಟು ಹೋಗುವವರಿಗೆ ಇದು, ಕಂಪನಿಯ ಖಾಯಂ ಮ್ಯಾನೇಜರ್ ಕುರ್ಚಿಗೆ ಅಲ್ಲ. ಬೇರೆ ದಾರಿ ಇದ್ದರೆ ಈ ಬಾಗಿಲು ತಟ್ಟಬೇಡಿ ಅನ್ನುವುದು ನನ್ನ ಮಾತು.

ಮೂರು ವರ್ಷದ ಡಿಗ್ರಿಯ ಕತೆ

ಭಾರತದಲ್ಲಿ ಓದಿದವರು ಮುಗ್ಗರಿಸುವುದು ಇಲ್ಲಿ.

ಪಟ್ಟಿಯಲ್ಲಿ ಪ್ರತಿ ವೃತ್ತಿಯ ಎದುರಿಗೂ ಏನು ಓದಿರಬೇಕು ಅಂತ ಬರೆದಿದೆ. ಬಹುತೇಕ ಕಡೆ ಬ್ಯಾಚುಲರ್ ಪದವಿ. ಅಮೆರಿಕ, ಕೆನಡಾ, ಮೆಕ್ಸಿಕೊ ಬಿಟ್ಟು ಬೇರೆ ಕಡೆ ಓದಿದ್ದರೆ ಆ ಪದವಿ ಅಲ್ಲಿನ ಯಾವ ಪದವಿಗೆ ಸಮ ಅಂತ ಮೌಲ್ಯಮಾಪನ ವರದಿ ಇಟ್ಟುಕೊಳ್ಳಬೇಕು. ನಾಲ್ಕು ವರ್ಷದ ಬಿ.ಇ.ಗೆ ಸಾಮಾನ್ಯವಾಗಿ ಚಿಂತೆ ಇಲ್ಲ. ಬಿ.ಎಸ್ಸಿ. ಮೇಲೆ ಎಂ.ಎಸ್ಸಿ. ಅಥವಾ ಎಂ.ಸಿ.ಎ. ಮಾಡಿದವರದ್ದೂ ನಡೆಯುತ್ತದೆ. ಬರೀ ಮೂರು ವರ್ಷದ ಬಿ.ಎಸ್ಸಿ., ಬಿ.ಕಾಂ., ಬಿ.ಸಿ.ಎ. ಆದರೆ? ವರದಿ ಎಷ್ಟೋ ಸಲ "ಮೂರು ವರ್ಷದ ಕಾಲೇಜು ಓದಿಗೆ ಸಮ" ಅಂತ ಬರುತ್ತದೆ. ಅಂದರೆ ಪದವಿ ಅಂತ ಲೆಕ್ಕಕ್ಕಿಲ್ಲ.

"ಹದಿನೈದು ವರ್ಷದ ಅನುಭವ ಇದೆಯಲ್ಲ ಸಾರ್" ಅನ್ನಬಹುದು. ಎಚ್-1ಬಿಯಲ್ಲಿ ಆ ಮಾತಿಗೆ ಬೆಲೆ ಇದೆ. ಅಲ್ಲಿ ಮೂರು ವರ್ಷದ ಅನುಭವವನ್ನು ಒಂದು ವರ್ಷದ ಓದಿಗೆ ಸಮ ಅಂತ ಹಿಡಿಯುವ ಲೆಕ್ಕ ಉಂಟು. ಟಿಎನ್‌ನಲ್ಲಿ ಆ ಲೆಕ್ಕ ಇಲ್ಲ. ಪಟ್ಟಿಯಲ್ಲಿ ಅನುಭವ ಅಂತ ಬರೆದಿದ್ದರೆ ಮಾತ್ರ ಅನುಭವ. ಇಲ್ಲದಿದ್ದರೆ ಮೂವತ್ತು ವರ್ಷ ಆಗಿದ್ದರೂ ಸೊನ್ನೆ.

ಆದರೆ ಪಟ್ಟಿಯೊಳಗೇ ಒಂದು ಕಿಂಡಿ ಇದೆ. ಕಂಪ್ಯೂಟರ್ ಸಿಸ್ಟಮ್ಸ್ ಅನಾಲಿಸ್ಟ್‌ಗೆ ಬ್ಯಾಚುಲರ್ ಪದವಿ ಇಲ್ಲದಿದ್ದರೆ ಡಿಪ್ಲೊಮಾ ಮತ್ತು 3 ವರ್ಷದ ಅನುಭವ ನಡೆಯುತ್ತದೆ. ಗ್ರಾಫಿಕ್ ಡಿಸೈನರ್‌ಗೂ ಹಾಗೇ. ಆ ಡಿಪ್ಲೊಮಾ ಎರಡು ಅಥವಾ ಹೆಚ್ಚು ವರ್ಷದ್ದಾಗಿರಬೇಕು, ಕೆನಡಾ ಅಥವಾ ಅಮೆರಿಕದ ಮಾನ್ಯತೆ ಪಡೆದ ಸಂಸ್ಥೆಯದ್ದಾಗಿರಬೇಕು. ಭಾರತದ ಪಾಲಿಟೆಕ್ನಿಕ್ ಡಿಪ್ಲೊಮಾ ಬರುವುದಿಲ್ಲ.

ಈಗ ಒಬ್ಬರನ್ನು ಊಹಿಸಿಕೊಳ್ಳಿ. ಊರಲ್ಲಿ ಬಿ.ಸಿ.ಎ. ಮುಗಿಸಿ ಒಂಟಾರಿಯೊದ ಯಾವುದೋ ಕಮ್ಯುನಿಟಿ ಕಾಲೇಜಿಗೆ ಬಂದು ಎರಡು ವರ್ಷದ ಡಿಪ್ಲೊಮಾ ಮಾಡಿದರು. ಆಗ ಊರಿನವರು "ಡಿಗ್ರಿ ಆದಮೇಲೆ ಮತ್ತೆ ಡಿಪ್ಲೊಮಾನಾ?" ಅಂತ ಮೂಗು ಮುರಿದಿದ್ದರು. ಕೆಲಸ ಸಿಕ್ಕಿತು, ಪಿಆರ್ (ಖಾಯಂ ನೆಲೆಸುವ ಅನುಮತಿ) ಬಂತು, ಪೌರತ್ವವೂ ಬಂತು. ಈಗ ಟಿಎನ್ ಕೌಂಟರಿನಲ್ಲಿ ಅವರನ್ನು ಕಾಪಾಡುವುದು ಆ ಬಿ.ಸಿ.ಎ. ಅಲ್ಲ, ಮೂಗು ಮುರಿಸಿಕೊಂಡ ಡಿಪ್ಲೊಮಾ! ಅದು ಒಂದೇ ವರ್ಷದ ಸರ್ಟಿಫಿಕೇಟ್ ಆಗಿದ್ದರೆ ಮಾತ್ರ ಈ ಕಿಂಡಿಯೂ ಇಲ್ಲ.

ಇನ್ನೊಂದು ಸಣ್ಣ ವಿಷಯ, ನಮ್ಮವರಿಗಷ್ಟೇ ಅರ್ಥವಾಗುವಂಥದ್ದು: ಇನಿಷಿಯಲ್. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎಚ್. ಎನ್. ಅಂತ ಎರಡಕ್ಷರ. ಪಾಸ್‌ಪೋರ್ಟಿನಲ್ಲಿ ಅದೇ ಎಚ್ ಬಿಡಿಸಿಕೊಂಡು ಊರಿನ ಹೆಸರಾಗಿ ಸರ್‌ನೇಮ್ ಜಾಗದಲ್ಲಿ ಕೂತಿದೆ. ಎನ್ ಅಪ್ಪನ ಹೆಸರು. ನಮಗೆ ಇದು ಸಹಜ. ಕೌಂಟರ್ ಆಚೆ ಇರುವವರಿಗೆ ಇವು ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಎರಡೂ ಹೆಸರು ಒಬ್ಬರದ್ದೇ ಅಂತ ಹೇಳುವ ಅಫಿಡವಿಟ್ ಒಂದನ್ನು ಫೈಲಿನಲ್ಲಿ ಇಟ್ಟುಕೊಂಡರೆ ಅರ್ಧ ಗಂಟೆಯ ವಿವರಣೆ ಉಳಿಯುತ್ತದೆ.

ಪತ್ರದ ಒಂದು ಸಾಲು

ಕಾಗದಗಳಲ್ಲಿ ರಾಜ ಅಂದರೆ ಕಂಪನಿ ಕೊಡುವ ಬೆಂಬಲ ಪತ್ರ. ಯಾವ ವೃತ್ತಿ, ಏನು ಕೆಲಸ, ಎಷ್ಟು ಸಮಯ, ಎಷ್ಟು ಸಂಬಳ, ಈ ವ್ಯಕ್ತಿಗೆ ಏನು ಅರ್ಹತೆ ಅನ್ನುವುದನ್ನು ಅದು ಹೇಳಬೇಕು. ಎರಡು ಮೂರು ಪುಟ ಸಾಕು. ಆದರೆ ಬರೆಯುವವರು ಯಾರು? ಎಚ್‌ಆರ್ ವಿಭಾಗದವರು. ಅವರು ನೂರು ಜನಕ್ಕೆ ಕಳಿಸಿದ ಆಫರ್ ಲೆಟರನ್ನೇ ತಿದ್ದಿ ಕಳಿಸುತ್ತಾರೆ.

ಪರಿಚಯದವರೊಬ್ಬರಿಗೆ ಬಂದ ಅಂಥ ಪತ್ರ ಒಮ್ಮೆ ನನ್ನ ಕೈಗೆ ಬಂತು. ಮೊದಲ ಪ್ಯಾರಾದಲ್ಲೇ "ಖಾಯಂ, ಪೂರ್ಣಾವಧಿ ಹುದ್ದೆ" ಅಂತ ಇತ್ತು. ಮಾಮೂಲಿ ಉದ್ಯೋಗಕ್ಕೆ ಸಂತೋಷದ ಪದ. ಟಿಎನ್‌ಗೆ ವಿಷ. ನಿಯಮದ ಪ್ರಕಾರ ಟಿಎನ್ ಕೇಳುವವರು ಅಮೆರಿಕದಲ್ಲಿ ಖಾಯಂ ನೆಲೆಸುವ ಉದ್ದೇಶ ಇಟ್ಟುಕೊಂಡಿರಬಾರದು, ವಾಸಕ್ಕೆ ಒಂದು ಕೊನೆ ಕಾಣುತ್ತಿರಬೇಕು. ಪತ್ರವೇ ಖಾಯಂ ಅಂತ ಕೂಗಿ ಹೇಳಿದರೆ ಅಧಿಕಾರಿ ಇನ್ನೇನು ಮಾಡಬೇಕು?

ಅದೇ ಪತ್ರದ ಎರಡನೇ ಪುಟದಲ್ಲಿ ಕೆಲಸದ ವಿವರ: "ಜಾವಾದಲ್ಲಿ ಕೋಡ್ ಬರೆಯುವುದು, ಬಗ್ ಸರಿಪಡಿಸುವುದು, ಟೆಸ್ಟ್ ಮಾಡುವುದು." ಮೇಲೆ ವೃತ್ತಿಯ ಹೆಸರು ಸಿಸ್ಟಮ್ಸ್ ಅನಾಲಿಸ್ಟ್. ಆ ವ್ಯಕ್ತಿ ನಿಜವಾಗಿ ಮಾಡಬೇಕಿದ್ದುದು ಬ್ಯಾಂಕಿನ ಬೇರೆ ಬೇರೆ ವಿಭಾಗದವರ ಜೊತೆ ಕೂತು ಅವರಿಗೇನು ಬೇಕು ಅಂತ ತಿಳಿದುಕೊಳ್ಳುವುದು, ಹಳೆಯ ವ್ಯವಸ್ಥೆ ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಅಂತ ಹುಡುಕುವುದು, ಹೊಸದರ ವಿನ್ಯಾಸ ಹಾಕಿಕೊಡುವುದು. ಅಪ್ಪಟ ಅನಾಲಿಸ್ಟ್ ಕೆಲಸ. ಬರೆದವರಿಗೆ ಅದು ಗೊತ್ತಿರಲಿಲ್ಲ, ಅಷ್ಟೇ. ತಿದ್ದಿ ಬರೆಸಿಕೊಂಡ ಮೇಲೆ ಗಡಿಯಲ್ಲಿ ತೊಂದರೆಯಾಗಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಪತ್ರ ತಿದ್ದಿಸುವುದು ಬೇರೆ, ಸುಳ್ಳು ಬರೆಸುವುದು ಬೇರೆ. ಮಾಡುವ ಕೆಲಸ ಪ್ರೋಗ್ರಾಮಿಂಗ್ ಆಗಿದ್ದು ಪತ್ರದಲ್ಲಿ ಅನಾಲಿಸ್ಟ್ ವೇಷ ಹಾಕಿಸಿದರೆ ಅದು ತಪ್ಪು ಮಾಹಿತಿ. ಅಮೆರಿಕದ ಕಾನೂನಿನಲ್ಲಿ ಅದಕ್ಕೆ ಜೀವನಪೂರ್ತಿ ಪ್ರವೇಶ ನಿಷೇಧದವರೆಗೂ ಶಿಕ್ಷೆ ಇದೆ. ಅಧಿಕಾರಿ ಸುಮ್ನೆ ಮಾತಿಗೆಳೆದಂತೆ "ಮತ್ತೆ, ದಿನಾ ಏನು ಕೆಲಸ ಮಾಡ್ತೀರಿ?" ಅಂತ ಕೇಳುತ್ತಾರೆ. ಆ ಪ್ರಶ್ನೆ ಅಷ್ಟು ಸುಮ್ನೆ ಬಂದದ್ದಲ್ಲ.

ನರ್ಸ್‌ಗಳಿಗೆ ಪತ್ರದ ಜೊತೆ ಇನ್ನೂ ಎರಡು ಬೇಕು: ಕೆಲಸ ಮಾಡುವ ರಾಜ್ಯದ ಲೈಸೆನ್ಸ್ ಮತ್ತು ಅವರ ಓದು, ಲೈಸೆನ್ಸ್ ಪರಿಶೀಲಿಸಿ ಕೊಡುವ ವೀಸಾಸ್ಕ್ರೀನ್ ಎಂಬ ಪ್ರಮಾಣಪತ್ರ. ಡಾಕ್ಟರುಗಳಿಗೆ ಟಿಎನ್ ಇರುವುದು ಪಾಠ ಹೇಳಲು ಮತ್ತು ಸಂಶೋಧನೆಗೆ ಮಾತ್ರ, ರೋಗಿಗಳನ್ನು ನೋಡಲು ಅಲ್ಲ. ಸ್ವಂತ ಕಂಪನಿ ಮಾಡಿಕೊಂಡು ತನಗೆ ತಾನೇ ಪತ್ರ ಕೊಟ್ಟುಕೊಳ್ಳುವುದಂತೂ ಆಗುವುದೇ ಇಲ್ಲ.

ಕೌಂಟರಿನಲ್ಲಿ "ಇಲ್ಲ" ಅಂದರೆ

ಅರ್ಜಿ ಹಾಕಲು ಎರಡು ಬಗೆಯ ಜಾಗ. ಒಂದು ರಸ್ತೆ ಗಡಿ: ಬಫಲೋ ಹತ್ತಿರದ ಪೀಸ್ ಬ್ರಿಡ್ಜ್, ನಯಾಗರದ ರೇನ್‌ಬೋ ಬ್ರಿಡ್ಜ್, ಪಶ್ಚಿಮದಲ್ಲಿ ವ್ಯಾಂಕೂವರ್ ಕೆಳಗಿನ ಪೀಸ್ ಆರ್ಚ್. ಇನ್ನೊಂದು ವಿಮಾನ ನಿಲ್ದಾಣ. ಟೊರಾಂಟೊ, ವ್ಯಾಂಕೂವರ್, ಮಾಂಟ್ರಿಯಲ್, ಕ್ಯಾಲ್ಗರಿ ಮುಂತಾದ ಕಡೆ ಅಮೆರಿಕದ ಅಧಿಕಾರಿಗಳು ಕೆನಡಾದಲ್ಲೇ ಕೂತು ತಪಾಸಣೆ ಮಾಡುತ್ತಾರೆ. ಇದಕ್ಕೆ ಪ್ರೀ-ಕ್ಲಿಯರೆನ್ಸ್ ಅಂತಾರೆ.

ಯಾವುದು ಒಳ್ಳೆಯದು? ವಿಮಾನ ನಿಲ್ದಾಣದಲ್ಲಿ ಬೇಡ ಅಂದರೂ ನೀವು ಕೆನಡಾದ ನೆಲದ ಮೇಲೇ ಇರುತ್ತೀರಿ. ಬ್ಯಾಗ್ ಎತ್ತಿಕೊಂಡು ಮನೆಗೆ ಹೋಗಬಹುದು. ಕಷ್ಟ ಏನೆಂದರೆ ತಲೆಯ ಮೇಲೆ ವಿಮಾನದ ಸಮಯ ತೂಗುತ್ತಿರುತ್ತದೆ. ಸೇತುವೆಯ ಹತ್ತಿರ ಆ ಗಡಿಬಿಡಿ ಇಲ್ಲ, ಎರಡು ಗಂಟೆ ಕಾದರೂ ಏನೂ ತಪ್ಪಿಹೋಗುವುದಿಲ್ಲ. ಆದರೆ ಅಲ್ಲಿ ನೀವು ಅಮೆರಿಕದ ನೆಲದ ಮೇಲಿದ್ದೀರಿ. ಸಾಮಾನ್ಯವಾಗಿ ಅಧಿಕಾರಿ "ಅರ್ಜಿ ವಾಪಸ್ ತಗೊಳ್ಳಿ" ಅಂತ ಹೇಳಿ ಕಳಿಸುತ್ತಾರೆ. ಕೊರತೆ ಸರಿಮಾಡಿಕೊಂಡು ಮತ್ತೆ ಹೋಗಬಹುದು. ಮನಸ್ಸು ಮಾಡಿದರೆ ತಕ್ಷಣದ ಗಡೀಪಾರು ಆದೇಶ ಬರೆಯುವ ಅಧಿಕಾರವೂ ಅವರಿಗಿದೆ. ಅದರ ಜೊತೆ 5 ವರ್ಷದ ನಿಷೇಧ ಬರುತ್ತದೆ.

2025ರ ಮಾರ್ಚ್‌ನಲ್ಲಿ ಕೆನಡಾದ ಮಹಿಳೆಯೊಬ್ಬರು ಟಿಎನ್ ಕೇಳಲು ಮೆಕ್ಸಿಕೊ ಕಡೆಯ ಸ್ಯಾನ್ ಯಸಿಡ್ರೋ ಗಡಿಗೆ ಹೋದರು. ಅವರಿಗೆ ಹಿಂದೆ ಸಿಕ್ಕಿದ್ದ ಅನುಮತಿ ರದ್ದಾಗಿತ್ತು. ಅರ್ಜಿ ತಿರಸ್ಕಾರವಾಗಿ ವಾಪಸ್ ಕಳಿಸುವ ಬದಲು ಅವರನ್ನು ಬಂಧನ ಕೇಂದ್ರಕ್ಕೆ ಹಾಕಿದರು. ಹೊರಬರಲು ಸುಮಾರು ಹನ್ನೆರಡು ದಿನ ಹಿಡಿಯಿತು. ಇಂಥದ್ದು ದಿನಾ ಆಗುವುದಿಲ್ಲ. ಆದರೆ ಹಿಂದೆ ಒಮ್ಮೆ ಬೇಡ ಅನ್ನಿಸಿಕೊಂಡವರು ಯಾವ ಗಡಿಗೆ ಹೋಗಬೇಕು ಅಂತ ಯೋಚಿಸುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು. ಬೆನ್ನ ಹಿಂದೆ ಸ್ವಂತ ದೇಶ ಇರುವ ಗಡಿಗೂ, ಇಲ್ಲದಿರುವ ಗಡಿಗೂ ವ್ಯತ್ಯಾಸ ಇದೆ.

ಗಡಿಗೆ ಹೋಗುವ ಅಳುಕು ಇದ್ದವರಿಗೆ ಇನ್ನೊಂದು ದಾರಿ ಉಂಟು. ಕಂಪನಿಯೇ ಐ-129 ಅರ್ಜಿಯನ್ನು ವಲಸೆ ಇಲಾಖೆಗೆ ಮೊದಲೇ ಕಳಿಸಬಹುದು. ಖರ್ಚು ಜಾಸ್ತಿ, ಸಮಯವೂ ಜಾಸ್ತಿ. ಆದರೆ ಒಪ್ಪಿಗೆ ಪತ್ರ ಕೈಯಲ್ಲಿ ಹಿಡಿದು ಗಡಿಗೆ ಹೋದರೆ ನಿದ್ದೆ ಚೆನ್ನಾಗಿ ಬರುತ್ತದೆ. ನಿಮ್ಮ ಪದವಿಯೋ ವೃತ್ತಿಯೋ ಸ್ವಲ್ಪ ಅಂಚಿನಲ್ಲಿದ್ದರೆ ನಾನು ಇದನ್ನೇ ಹೇಳುತ್ತೇನೆ.

ಪಾಸ್‌ಪೋರ್ಟ್ ಬದಲಾಗುತ್ತದೆ, ಹುಟ್ಟಿದ ಊರು ಬದಲಾಗುವುದಿಲ್ಲ

ಮೊದಲು ಒಂದು ತಪ್ಪು ಕಲ್ಪನೆ. ಕೆನಡಾದ ಪಿಆರ್ ಇದ್ದರೆ ಟಿಎನ್ ಸಿಗುವುದಿಲ್ಲ. ಪೌರತ್ವವೇ ಬೇಕು. ಐದು ವರ್ಷದಲ್ಲಿ 1,095 ದಿನ ಕೆನಡಾದಲ್ಲಿ ಇದ್ದು, ಅರ್ಜಿ ಹಾಕಿ, ಪರೀಕ್ಷೆ ಬರೆದು, ಪ್ರಮಾಣವಚನ ತೆಗೆದುಕೊಂಡು, ಭಾರತದ ಪಾಸ್‌ಪೋರ್ಟ್ ಒಪ್ಪಿಸಿದ ಮೇಲಿನ ಮಾತು ಇದು. ಹುಟ್ಟಿನಿಂದ ಪ್ರಜೆ, ಆಮೇಲೆ ಆದ ಪ್ರಜೆ ಅನ್ನುವ ಭೇದ ಟಿಎನ್‌ನಲ್ಲಿ ಇಲ್ಲ. ಮೆಕ್ಸಿಕೊದವರಿಗೆ ಮಾತ್ರ ದಾರಿ ಬೇರೆ, ಅವರು ಅಮೆರಿಕದ ಕಾನ್ಸುಲೇಟಿನಲ್ಲಿ ವೀಸಾ ಹಾಕಿಸಿಕೊಂಡೇ ಬರಬೇಕು.

ಈ ಪೌರತ್ವದ ದಾರಿಯನ್ನು ಲೆಕ್ಕ ಹಾಕಿಯೇ ಅಮೆರಿಕದಿಂದ ಕೆನಡಾಕ್ಕೆ ಹೋದವರೂ ಇದ್ದಾರೆ. 2023ರ ಜುಲೈನಲ್ಲಿ ಕೆನಡಾ ಅಮೆರಿಕದ ಎಚ್-1ಬಿ ಇದ್ದವರಿಗೆ ಅಂತಲೇ 10,000 ಕೆಲಸದ ಪರ್ಮಿಟ್ ಇಟ್ಟಿತು. 48 ಗಂಟೆಯೊಳಗೆ ಅಷ್ಟೂ ಅರ್ಜಿ ಭರ್ತಿ! ಅವರಲ್ಲಿ ಎಷ್ಟು ಜನ ಕೆನಡಾದಲ್ಲೇ ಉಳಿಯುತ್ತಾರೆ, ಎಷ್ಟು ಜನ ನೀಲಿ ಪಾಸ್‌ಪೋರ್ಟ್ ಹಿಡಿದು ಮತ್ತೆ ಸೇತುವೆ ದಾಟುತ್ತಾರೆ ಅನ್ನುವುದು ಇನ್ನೂ ಕೆಲವು ವರ್ಷದಲ್ಲಿ ಕಾಣುತ್ತದೆ.

ಹೀಗೆ ದಾಟುವವರು ಮರೆಯುವ ಒಂದು ಮಾತಿದೆ. ಕೆಲಸಕ್ಕೆ ಹೋಗುವಾಗ ಅಮೆರಿಕ ನಿಮ್ಮ ಪಾಸ್‌ಪೋರ್ಟ್ ನೋಡುತ್ತದೆ. ಗ್ರೀನ್ ಕಾರ್ಡ್ ಕೇಳುವಾಗ ನೀವು ಹುಟ್ಟಿದ ದೇಶ ನೋಡುತ್ತದೆ. ಉದ್ಯೋಗದ ಮೂಲಕ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಒಂದು ದೇಶದಲ್ಲಿ ಹುಟ್ಟಿದವರಿಗೆ ಅದರಲ್ಲಿ 7 ಶೇಕಡಾ ಮಿತಿ. ಆ ಮಿತಿಯ ಕಾರಣಕ್ಕೇ ಭಾರತದ ಸರತಿ ಹತ್ತು ವರ್ಷ ಮೀರಿ ಬೆಳೆದಿರುವುದು. ಕೆನಡಾದ ಪ್ರಜೆಯಾದರೂ ಹುಟ್ಟಿದ್ದು ಭಾರತದಲ್ಲಾದರೆ ನಿಲ್ಲಬೇಕಾದದ್ದು ಅದೇ ಸರತಿಯಲ್ಲಿ. ಗಂಡ ಅಥವಾ ಹೆಂಡತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಅವರ ದೇಶದ ಲೆಕ್ಕ ಹಿಡಿಯಬಹುದು. ಅಪ್ಪ ಕುವೈತಿನಲ್ಲಿ ಕೆಲಸದಲ್ಲಿದ್ದಾಗ ಅಲ್ಲೇ ಹುಟ್ಟಿದ ಮಂಗಳೂರಿನ ಹುಡುಗಿಯನ್ನು ಮದುವೆಯಾದವರಿಗೆ ಆ ಜನನ ಪ್ರಮಾಣಪತ್ರ ಎಷ್ಟು ಬೆಲೆಬಾಳುತ್ತದೆ ಅಂತ ಎಷ್ಟೋ ವರ್ಷ ಗೊತ್ತೇ ಇರುವುದಿಲ್ಲ.

ಕಷ್ಟ ಇಲ್ಲಿಗೆ ಮುಗಿಯುವುದಿಲ್ಲ. ಎಚ್-1ಬಿಯಲ್ಲಿ ಇದ್ದುಕೊಂಡು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದರೆ ತಪ್ಪಿಲ್ಲ. ತಾತ್ಕಾಲಿಕ ಕೆಲಸ, ಖಾಯಂ ಆಸೆ, ಎರಡನ್ನೂ ಕಾನೂನು ಒಪ್ಪುತ್ತದೆ. ಟಿಎನ್‌ಗೆ ಆ ರಿಯಾಯಿತಿ ಇಲ್ಲ. ಕಂಪನಿ ನಿಮ್ಮ ಪರವಾಗಿ ಗ್ರೀನ್ ಕಾರ್ಡಿನ ಅರ್ಜಿ ಹಾಕಿದ ಮಾತ್ರಕ್ಕೆ ಟಿಎನ್ ತಾನಾಗಿ ರದ್ದಾಗುವುದಿಲ್ಲ, ನಿಜ. ಆದರೆ ಮುಂದಿನ ಸಲ ನವೀಕರಣಕ್ಕೆ ಹೋದಾಗ ಅಧಿಕಾರಿ "ನೀವು ಇಲ್ಲೇ ನೆಲೆಸುವ ಯೋಚನೆಯಲ್ಲಿದ್ದೀರಿ ಅಲ್ವಾ?" ಅಂತ ಕೇಳಬಹುದು. ಸತ್ಯ ಹೇಳಿದರೆ ಟಿಎನ್ ಕೈ ತಪ್ಪುತ್ತದೆ, ಸುಳ್ಳು ಹೇಳಿದರೆ ಅದಕ್ಕಿಂತ ದೊಡ್ಡದು ಕೈ ತಪ್ಪುತ್ತದೆ. ಬೇರೆ ಹೆಚ್ಚಿನ ದೇಶಗಳಲ್ಲಿ ಹುಟ್ಟಿದ ಕೆನಡಿಯನ್ನರು ಕೆಲವೇ ವರ್ಷದಲ್ಲಿ ಈ ಇಕ್ಕಟ್ಟು ದಾಟಿಬಿಡುತ್ತಾರೆ. ಭಾರತದಲ್ಲಿ ಹುಟ್ಟಿದವರು ಇದರಲ್ಲೇ ಹತ್ತು ಹದಿನೈದು ವರ್ಷ ಕಳೆಯಬೇಕು.

ಹಾಗಾಗಿ ಟಿಎನ್‌ನಲ್ಲಿ ಹೋದ ಎಷ್ಟೋ ಜನ ವರ್ಷ ವರ್ಷವೂ ಎಚ್-1ಬಿ ಲಾಟರಿಗೆ ಹೆಸರು ಕೊಡುತ್ತಾರೆ. ಒಂದು ಲಕ್ಷ ಡಾಲರಿನ ಘೋಷಣೆ ಬಂದಾಗ ಇವರೆಲ್ಲ ಹೌಹಾರಿದರು. 2025ರ ಅಕ್ಟೋಬರ್‌ನಲ್ಲಿ ವಲಸೆ ಇಲಾಖೆ ಸ್ಪಷ್ಟನೆ ಕೊಟ್ಟಿತು. ಅಮೆರಿಕದ ಒಳಗೇ ಇದ್ದು ಸ್ಟೇಟಸ್ ಬದಲಾಯಿಸಿಕೊಳ್ಳುವವರಿಗೆ ಆ ಶುಲ್ಕ ಅನ್ವಯಿಸುವುದಿಲ್ಲ. ಅಂದರೆ ಟಿಎನ್‌ನಲ್ಲಿ ಒಳಗೆ ಇರುವುದಕ್ಕೇ ಈಗ ಒಂದು ಬೆಲೆ ಬಂದಿದೆ.

ಮನೆಯವರು

ಗಂಡ, ಹೆಂಡತಿ, ಮಕ್ಕಳಿಗೆ ಸಿಗುವುದು ಟಿಡಿ ಸ್ಟೇಟಸ್. ಓದಬಹುದು, ದುಡಿಯುವ ಹಾಗಿಲ್ಲ. ಎಲ್-1 ವೀಸಾ (ಕಂಪನಿಯೊಳಗೇ ವರ್ಗವಾಗಿ ಬರುವವರದ್ದು) ಮೇಲೆ ಬಂದವರ ಸಂಗಾತಿ ದುಡಿಯಬಹುದು, ಎಚ್-1ಬಿ ಸಂಗಾತಿಗಳಲ್ಲಿ ಕೆಲವರಿಗೂ 2015ರಿಂದ ಆ ಅವಕಾಶ ಇದೆ. ಟಿಡಿಗೆ ಇಲ್ಲ. ಟೊರಾಂಟೊದಲ್ಲಿ ಇಬ್ಬರೂ ದುಡಿಯುತ್ತಿದ್ದ ಮನೆ ಒಂದೇ ಸಂಬಳಕ್ಕೆ ಇಳಿಯುತ್ತದೆ. ಡಾಲರಿನ ವ್ಯತ್ಯಾಸ ಕಣ್ಣಿಗೆ ಚೆಂದ ಕಾಣುತ್ತದೆ, ಆದರೆ ಲೆಕ್ಕ ಹಾಕುವಾಗ ಬಿಟ್ಟುಬಂದ ಎರಡನೇ ಸಂಬಳವನ್ನೂ ಸೇರಿಸಬೇಕಲ್ಲ.

ಇನ್ನೊಂದು ಸಿಕ್ಕು ನಮ್ಮ ಮನೆಗಳಲ್ಲೇ ಜಾಸ್ತಿ. ಗಂಡ ಕೆನಡಾದ ಪೌರತ್ವ ತೆಗೆದುಕೊಂಡಿರುತ್ತಾನೆ, ಹೆಂಡತಿ ಊರಿನ ಆಸ್ತಿಗೋ ಅಪ್ಪ-ಅಮ್ಮನಿಗೋ ಅಂತ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುತ್ತಾಳೆ. ಆಗ ಅವಳು ಸುಮ್ನೆ ಗಂಡನ ಜೊತೆ ಕೌಂಟರಿಗೆ ಹೋದರೆ ನಡೆಯುವುದಿಲ್ಲ. ಅಮೆರಿಕದ ಕಾನ್ಸುಲೇಟಿನಲ್ಲಿ ಟಿಡಿ ವೀಸಾ ಹಾಕಿಸಿಕೊಳ್ಳಬೇಕು. ಗಂಡನ ಅನುಮತಿ ಒಂದು ದಿನದ ಕೆಲಸ, ಹೆಂಡತಿಯ ವೀಸಾ ಅಪಾಯಿಂಟ್‌ಮೆಂಟ್ ಸಿಗಲು ಎಷ್ಟು ದಿನವೋ. ಕೆಲಸಕ್ಕೆ ಸೇರುವ ತಾರೀಖು ಒಪ್ಪಿಕೊಳ್ಳುವ ಮುಂಚೆ ಈ ಮಾತು ಮನೆಯಲ್ಲಿ ಆಗಲಿ.

ಕೆಲಸ ಹೋದರೆ 60 ದಿನ. ಐ-94 ಅದಕ್ಕಿಂತ ಮುಂಚೆ ಮುಗಿಯುವುದಾದರೆ ಅಷ್ಟೇ ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ, ಇನ್ನೊಂದು ಪತ್ರ, ಇನ್ನೊಂದು ಅರ್ಜಿ. ಟಿಎನ್ ಅನುಮತಿ ಕಂಪನಿಗೆ ಕಟ್ಟಿಕೊಂಡಿರುತ್ತದೆ, ನಿಮಗಲ್ಲ.

2026ರ ಜುಲೈ 1

ಈ ದಿನವನ್ನು ಒಪ್ಪಂದದಲ್ಲೇ ಗುರುತು ಹಾಕಿ ಇಟ್ಟಿದ್ದಾರೆ. ಯುಎಸ್‌ಎಂಸಿಎಯ ಆಯಸ್ಸು 16 ವರ್ಷ, ಅಂದರೆ 2036ರ ತನಕ. ಆರನೇ ವರ್ಷಕ್ಕೆ, 2026ರ ಜುಲೈ 1ಕ್ಕೆ, ಜಂಟಿ ಪರಿಶೀಲನೆ. ಮೂರೂ ದೇಶ ಒಪ್ಪಿದರೆ ಇನ್ನೂ 16 ವರ್ಷದ ಆಯಸ್ಸು. ಒಂದು ದೇಶ ಒಪ್ಪದಿದ್ದರೂ ಆಮೇಲೆ ವರ್ಷ ವರ್ಷವೂ ಪರಿಶೀಲನೆ. ಇದಲ್ಲದೆ ಯಾವ ದೇಶ ಬೇಕಾದರೂ 6 ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಹೊರನಡೆಯಬಹುದು.

ಈ ಮಾತುಕತೆಯ ಮೇಜಿನ ಮೇಲೆ ಉಕ್ಕು, ಕಾರು, ಹಾಲು, ಸುಂಕ ಇವೇ ದೊಡ್ಡ ವಿಷಯಗಳು. ಟಿಎನ್ ಮೂಲೆಯಲ್ಲಿ ಕೂತ ಸಣ್ಣ ಅಧ್ಯಾಯ. ಅದನ್ನು ಕಿತ್ತುಹಾಕಿ ಅಂತ ಯಾರೂ ಗಟ್ಟಿಯಾಗಿ ಕೂಗುತ್ತಿಲ್ಲ. ಡೆಟ್ರಾಯಿಟ್ ಆಸ್ಪತ್ರೆಗಳಿಗೆ ವಿಂಡ್ಸರ್‌ನ ನರ್ಸ್‌ಗಳು ಬೇಕು. ಆದರೆ ಇಡೀ ಮನೆಯ ಜಗಳದಲ್ಲಿ ಮೂಲೆಯ ಕೋಣೆಯೂ ಸಿಕ್ಕಿಕೊಳ್ಳುತ್ತದೆ. ನನ್ನ ಅಂದಾಜಿನಲ್ಲಿ ಪಟ್ಟಿ ಹೀಗೇ ಉಳಿಯುತ್ತದೆ, ಪದಗಳ ಅರ್ಥ ಮಾತ್ರ ಇನ್ನೂ ಬಿಗಿಯಾಗುತ್ತಾ ಹೋಗುತ್ತದೆ.

ಇಂಥ ಹೊತ್ತಿನಲ್ಲಿ ಗಡಿಗೆ ಹೋಗುವವರು ಒಂದು ವರ್ಷ ಕೇಳುವ ಬದಲು ಪೂರ್ತಿ 3 ವರ್ಷ ಕೇಳುವುದು ಜಾಣತನ, ಕೆಲಸ ನಿಜವಾಗಿ ಅಷ್ಟು ಕಾಲದ್ದೇ ಆಗಿದ್ದರೆ. 2008ರ ತನಕ ಒಂದೊಂದೇ ವರ್ಷ ಕೊಡುತ್ತಿದ್ದರು, ಆಮೇಲೆ ಇದು 3 ಆಯಿತು. ಪತ್ರದಲ್ಲಿ ಮೂರು ವರ್ಷ ಅಂತ ಬರೆಸಿ. ಆಮೇಲೆ ಪಾಸ್‌ಪೋರ್ಟ್ ತೆಗೆದು ಕೊನೆಯ ತಾರೀಖು ನೋಡಿ. ಅದರಲ್ಲಿ 14 ತಿಂಗಳಷ್ಟೇ ಉಳಿದಿದ್ದರೆ ಎಷ್ಟೋ ಸಲ ಐ-94 ಕೂಡ 14 ತಿಂಗಳಿಗೇ ನಿಲ್ಲುತ್ತದೆ, ಪತ್ರ ಏನೇ ಹೇಳಲಿ. ಅಧಿಕಾರಿ ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಪಾಸ್‌ಪೋರ್ಟ್ ಮೊದಲು ನವೀಕರಿಸಿ, ಆಮೇಲೆ ಗಡಿಗೆ ಹೊರಡಿ. ಕೌಂಟರ್ ದಾಟಿದ ಮೇಲೆ ಪಕ್ಕಕ್ಕೆ ನಿಂತು ಮುದ್ರೆಯ ತಾರೀಖು ನೋಡಿ, ಐ-94 ಫೋನಿನಲ್ಲಿ ತೆಗೆದು ಅದನ್ನೂ ಪತ್ರದ ಜೊತೆ ಹೋಲಿಸಿ. ತಪ್ಪು ಕಂಡರೆ ಆ ಅಧಿಕಾರಿ ಇನ್ನೂ ಹತ್ತು ಹೆಜ್ಜೆ ದೂರದಲ್ಲೇ ಇರುತ್ತಾರೆ.